ಹೊಲ ಹೋಗಿ ಮನೆ ಬಂತು, ಮಣ್ಣು ಅದೇ ಇದೆ: ಪುಣೆಯ ಜಮೀನಿಗೆ ಕೀಟನಾಶಕದ ಮಿತಿ ಯಾಕೆ ಬೇಕು

ಪುಣೆಯಿಂದ ಸೋಲಾಪುರ ರಸ್ತೆ ಹಿಡಿದು ಹಡಪ್ಸರ್ ದಾಟಿದರೆ ಮಾಂಜ್ರಿ ಸಿಗುತ್ತದೆ. ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇರುವುದು ಇಲ್ಲೇ. ರಫ್ತಾಗುವ ದ್ರಾಕ್ಷಿಯಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಎಂದು ನೋಡುವ ವ್ಯವಸ್ಥೆಗೆ ದೇಶದ ರೆಫರಲ್ ಲ್ಯಾಬ್ ಇದೇ. ಬೇರೆ ಮಿತಿ ಗೊತ್ತುಮಾಡದ ಔಷಧಗಳಿಗೆ ಯುರೋಪಿನ ಮಿತಿ ಕಿಲೋ ಹಣ್ಣಿಗೆ 0.01 ಮಿಲಿಗ್ರಾಂ. 2010ರಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕ ಸಿಕ್ಕಿತು ಅಂತ ಅಲ್ಲಿ ನಮ್ಮ ದ್ರಾಕ್ಷಿಗೆ ತಡೆ ಬಿತ್ತು. ರೈತರೂ ವ್ಯಾಪಾರಿಗಳೂ ದೊಡ್ಡ ಪೆಟ್ಟು ತಿಂದರು. ರಫ್ತು ಮಾಡುವ ತೋಟ ಈಗ ಗ್ರೇಪ್‌ನೆಟ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಣಿ ಆಗಿರಲೇಬೇಕು. ಕೊಯ್ಲಿಗೆ ಮುಂಚೆ ಮಾದರಿ ಲ್ಯಾಬಿಗೆ ಹೋಗಲೇಬೇಕು.

ಇದೇ ಮಾಂಜ್ರಿ ಬುದ್ರುಕ್ 2021ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿದ 23 ಹಳ್ಳಿಗಳಲ್ಲಿ ಒಂದು. ವಾಘೋಲಿ, ಸೂಸ್, ಮಹಾಳುಂಗೆ, ಶೇವಾಳೆವಾಡಿ ಕೂಡ ಅದೇ ಪಟ್ಟಿಯಲ್ಲಿವೆ. ಈ ಭಾಗದಲ್ಲಿ ಕಬ್ಬು, ಈರುಳ್ಳಿ, ಸೊಪ್ಪು, ಹಣ್ಣು ಬೆಳೆದ ಹೊಲಗಳು ಈಗ ಫ್ಲಾಟು, ರೋ ಹೌಸು, ಶಾಲೆ ಆಗುತ್ತಿವೆ. ನಮ್ಮ ಕನ್ನಡದ ಎಷ್ಟೋ ಮನೆಗಳು ಈ ಕಡೆಯೇ ಇವೆ. ಐಟಿ ಕೆಲಸಕ್ಕೆ ಬಂದವರು ಫ್ಲಾಟು ಕೊಳ್ಳುತ್ತಾರೆ. ನಿವೃತ್ತಿ ಹತ್ತಿರ ಬಂದವರು ಗುಂಟೆ ಲೆಕ್ಕದಲ್ಲಿ ಎನ್‌ಎ, ಅಂದರೆ ಕೃಷಿಯೇತರ ಬಳಕೆಯ ಪ್ಲಾಟು ನೋಡುತ್ತಾರೆ. ಕಟ್ಟುವ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಸಂಸಾರ ಸಮೇತ ಬರುತ್ತಾರೆ.

ಹಣ್ಣು ದೂರದ ಊರಿಗೆ ಹೋಗುವುದಾದರೆ ಅದರ ಒಂದೊಂದು ಉಳಿಕೆಯನ್ನೂ ಅಳೆಯುತ್ತೇವೆ. ಆ ಬಳ್ಳಿ ಕಿತ್ತು, ಅದೇ ಮಣ್ಣಿನ ಮೇಲೆ ಮಗು ಆಡಲು ಶುರುಮಾಡುವಾಗ ಮಣ್ಣನ್ನು ಒಮ್ಮೆಯೂ ನೋಡುವುದಿಲ್ಲ. ಬಿಲ್ಡರ್ ಮಾಡಿಸುವ ಮಣ್ಣು ಪರೀಕ್ಷೆ ಕಟ್ಟಡದ ಭಾರ ತಡೆಯುತ್ತದೋ ಇಲ್ಲವೋ ಎಂದು ತಿಳಿಯಲು. ರೈತನ ಕೈಯಲ್ಲಿರುವ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ಪಿಎಚ್, ಲವಣಾಂಶ, ಸಾವಯವ ಇಂಗಾಲ. ಕೀಟನಾಶಕದ ಹೆಸರೇ ಅಲ್ಲಿಲ್ಲ. ಅದು ಬೆಳೆಗೆ ಏನು ಕಮ್ಮಿ ಅಂತ ಹೇಳುವ ಕಾರ್ಡು. ಮನುಷ್ಯನಿಗೆ ಏನು ಜಾಸ್ತಿ ಅಂತ ಹೇಳುವುದಕ್ಕೆ ಮಾಡಿದ್ದಲ್ಲ.

ಹಾಗಾದರೆ ಮಣ್ಣಿನಲ್ಲಿ ಎಷ್ಟಿದ್ದರೆ ಪರವಾಗಿಲ್ಲ? ಈ ಪ್ರಶ್ನೆಗೆ ಒಂದೇ ಅಂಕಿ ಉತ್ತರವಾಗಲಾರದು. ಮಣ್ಣಿನಲ್ಲಿ ವಿಷ ಎಷ್ಟಿದೆ ಎನ್ನುವುದರಷ್ಟೇ ಮುಖ್ಯ, ಅದು ಯಾರ ಮೈಗೆ ಯಾವ ದಾರಿಯಲ್ಲಿ ಬರುತ್ತದೆ ಎನ್ನುವುದು. ಜಾಗದ ಬಳಕೆ ನೋಡಿ ಮಿತಿ ಇಡಬೇಕು ಅನ್ನುವುದು ಇದಕ್ಕೇ.

ಲೆಕ್ಕ ಹೇಗೆ ಹಾಕುತ್ತಾರೆ ಅಂತ ಡೀಲ್ಡ್ರಿನ್ ಇಟ್ಟುಕೊಂಡು ನೋಡೋಣ. ಆಲ್ಡ್ರಿನ್ ಎಂಬ ಹಳೇ ಕೀಟನಾಶಕ ಮಣ್ಣಿನಲ್ಲಿ ಡೀಲ್ಡ್ರಿನ್ ಆಗಿ ಬದಲಾಗುತ್ತದೆ, ಆಮೇಲೆ ವರ್ಷಗಟ್ಟಲೆ ಹಾಗೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ತಜ್ಞರ ಸಮಿತಿ ಪ್ರಕಾರ ಒಬ್ಬ ಮನುಷ್ಯ ದಿನಕ್ಕೆ ತಡೆದುಕೊಳ್ಳಬಹುದಾದದ್ದು ಮೈತೂಕದ ಕಿಲೋಗೆ 0.0001 ಮಿಲಿಗ್ರಾಂ. 15 ಕಿಲೋ ತೂಕದ ಮಗುವಿಗೆ ಅದು ದಿನಕ್ಕೆ 0.0015 ಮಿಲಿಗ್ರಾಂ ಆಯಿತು. ಇನ್ನು ಮಗು ಮಣ್ಣು ತಿನ್ನುವ ಲೆಕ್ಕ. ನೆಲದಲ್ಲಿ ಆಡಿ ಬೆರಳು ಬಾಯಿಗಿಡುವ ಮಗುವಿನ ಹೊಟ್ಟೆಗೆ ದಿನಕ್ಕೆ 200 ಮಿಲಿಗ್ರಾಂ ಮಣ್ಣು ಹೋಗುತ್ತದೆ ಅಂತ ಅಮೆರಿಕದ ಪರಿಸರ ಸಂಸ್ಥೆ ಬಹಳ ಕಾಲದಿಂದ ಲೆಕ್ಕ ಹಾಕಿದೆ. ಜ್ವರಕ್ಕೆ ನುಂಗುವ 500ರ ಪ್ಯಾರಾಸಿಟಮಾಲ್ ಮಾತ್ರೆಯ ಅರ್ಧದಷ್ಟೂ ಇಲ್ಲ ಅದು. ಭಾಗಾಕಾರ ಮಾಡಿದರೆ ಕಿಲೋ ಮಣ್ಣಿಗೆ 7.5 ಮಿಲಿಗ್ರಾಂ ಬರುತ್ತದೆ. ಆದರೆ ಮಗು ಬರೀ ಮಣ್ಣು ತಿಂದು ಬದುಕುವುದಿಲ್ಲ ಅಲ್ವಾ? ಹಾಲು, ತರಕಾರಿ, ಮೀನಿನಿಂದಲೂ ಇದೇ ವಿಷ ಬರಬಹುದು. ಹಾಗಾಗಿ ಮಣ್ಣಿನ ಪಾಲು ಐದನೇ ಒಂದು ಭಾಗ ಅಂತ ಇಟ್ಟುಕೊಂಡರೆ ಉಳಿಯುವುದು 1.5 ಮಿಲಿಗ್ರಾಂ.

ಈಗ ನ್ಯೂಜಿಲೆಂಡ್ ಇಟ್ಟಿರುವ ಮಿತಿಗಳನ್ನು ನೋಡಿ. ಅಲ್ಲಿ 2011ರಲ್ಲಿ ಮಣ್ಣಿನ ಮಾಲಿನ್ಯಕ್ಕೆ ರಾಷ್ಟ್ರೀಯ ಮಾನದಂಡ ಮಾಡಿದರು. ಡೀಲ್ಡ್ರಿನ್‌ಗೆ, ತಿನ್ನುವ ತರಕಾರಿಯಲ್ಲಿ ಕಾಲು ಭಾಗ ಹಿತ್ತಲಲ್ಲೇ ಬೆಳೆದುಕೊಳ್ಳುವ ಹಳ್ಳಿ ಮನೆಯ ಜಾಗಕ್ಕೆ ಕಿಲೋ ಮಣ್ಣಿಗೆ 1.1 ಮಿಲಿಗ್ರಾಂ. ಊರಿನ ಸಾಮಾನ್ಯ ಮನೆಗೆ 2.6. ಒತ್ತೊತ್ತಾಗಿ ಕಟ್ಟಿದ ವಸತಿಗೆ 45. ಆಟದ ಮೈದಾನ, ಉದ್ಯಾನಕ್ಕೆ 70. ಅಂಗಡಿ, ಕಾರ್ಖಾನೆ ಜಾಗಕ್ಕೆ 160. ವಿಷ ಒಂದೇ, ಮಿತಿ ಮಾತ್ರ 1.1ರಿಂದ 160ರವರೆಗೆ ಏರುತ್ತದೆ. ಹಿತ್ತಲಿದ್ದರೆ ಮಗು ಮಣ್ಣು ಮುಟ್ಟುತ್ತದೆ, ಮನೆಯವರು ಅಲ್ಲಿ ಬೆಳೆದದ್ದನ್ನೂ ತಿನ್ನುತ್ತಾರೆ. ಫ್ಲಾಟಿನಲ್ಲಿ ಕಾಲಿಗೆ ಸಿಗುವುದು ಹೆಚ್ಚಾಗಿ ಕಾಂಕ್ರೀಟು. ಕಾರ್ಖಾನೆಯಲ್ಲಿ ಇರುವವರು ದೊಡ್ಡವರು, ಅದೂ ಹಗಲು ಮಾತ್ರ.

ಆ ಮಾನದಂಡದಲ್ಲಿ ನನಗೆ ಅಂಕಿಗಳಿಗಿಂತ ಮುಖ್ಯ ಅನಿಸಿದ್ದು, ಅದು ಯಾವಾಗ ಜಾರಿಗೆ ಬರುತ್ತದೆ ಅನ್ನುವುದು. ಅಲ್ಲಿ ಅಪಾಯ ಇರಬಹುದಾದ ಕೆಲಸಗಳ ಒಂದು ಪಟ್ಟಿ ಇದೆ. ಬೇಗ ಕೊಳೆಯದ ಕೀಟನಾಶಕ ಬಳಸಿದ ಹಣ್ಣಿನ ತೋಟ, ತರಕಾರಿ ತೋಟ, ಗಾಜಿನ ಮನೆ, ಔಷಧಿ ಕಲಸುವ ಶೆಡ್ಡು, ಕುರಿಗಳನ್ನು ಔಷಧದ ನೀರಲ್ಲಿ ಅದ್ದುವ ತೊಟ್ಟಿ ಎಲ್ಲವೂ ಅದರಲ್ಲಿವೆ. ಅಂಥ ಜಾಗವನ್ನು ಭಾಗ ಮಾಡಬೇಕು, ಬಳಕೆ ಬದಲಿಸಬೇಕು ಅಂದ ಕೂಡಲೇ ಮಣ್ಣಿನ ಪ್ರಶ್ನೆ ಏಳುತ್ತದೆ. ತೋಟ ತೋಟವಾಗೇ ಇರುವ ತನಕ ಯಾರೂ ರೈತನ ತಂಟೆಗೆ ಹೋಗುವುದಿಲ್ಲ.

ಹಾಗಾದರೆ ಅದೇ ಅಂಕಿಗಳನ್ನು ಎತ್ತಿ ಪುಣೆಗೆ ಹಾಕಿಬಿಡೋಣ ಎಂದರೆ ಅಷ್ಟು ಸುಲಭ ಇಲ್ಲ. ಡಿಡಿಟಿ ಒಂದನ್ನೇ ತಗೊಳ್ಳಿ. ಚೀನಾದಲ್ಲಿ ಹೊಲಕ್ಕೆ ಕಿಲೋಗೆ 0.1 ಮಿಲಿಗ್ರಾಂ. ಕೆನಡಾದಲ್ಲಿ ಹೊಲಕ್ಕೂ ಮನೆಗೂ 0.7, ವಾಣಿಜ್ಯ ಮತ್ತು ಕಾರ್ಖಾನೆ ಜಾಗಕ್ಕೆ 12. ಅಮೆರಿಕದಲ್ಲಿ ಮನೆ ಜಾಗದ ತಪಾಸಣಾ ಮಟ್ಟ 2ರ ಆಸುಪಾಸು. ನ್ಯೂಜಿಲೆಂಡಿನ ಸಾಮಾನ್ಯ ಮನೆಗೆ 70. ಆಸ್ಟ್ರೇಲಿಯಾದ ತೋಟವಿರುವ ಮನೆಗೆ 240. ಮನೆ ಜಾಗಕ್ಕೆ ಮನೆ ಜಾಗವನ್ನೇ ಹೋಲಿಸಿದರೂ 300 ಪಟ್ಟಿಗಿಂತ ಜಾಸ್ತಿ ಅಂತರ. ಇದನ್ನು ನೋಡಿದವರಿಗೆ ವಿಜ್ಞಾನಿಗಳಿಗೇ ಗೊತ್ತಿಲ್ಲವೇನೋ ಅನಿಸಬಹುದು. ಅದು ತಪ್ಪು. ಒಬ್ಬೊಬ್ಬರು ಒಂದೊಂದು ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ, ಅಷ್ಟೇ. ಅಮೆರಿಕ ಕೇಳಿದ್ದು, ಹತ್ತು ಲಕ್ಷದಲ್ಲಿ ಒಬ್ಬರಿಗೆ ಹೆಚ್ಚುವರಿ ಕ್ಯಾನ್ಸರ್ ಬರುವ ಸಾಧ್ಯತೆ ಯಾವ ಮಟ್ಟದಲ್ಲಿ ಶುರುವಾಗುತ್ತದೆ ಎಂದು. ಆಸ್ಟ್ರೇಲಿಯಾ ಕೇಳಿದ್ದು, ದಿನಕ್ಕೆ ಇಷ್ಟರವರೆಗೆ ದೇಹ ತಡೆಯುತ್ತದೆ ಎಂಬ ಮಟ್ಟ ಯಾವಾಗ ದಾಟುತ್ತದೆ ಎಂದು. ಕೆನಡಾ ಮಣ್ಣಿನ ಜೀವಿಗಳನ್ನೂ ಅವನ್ನು ತಿನ್ನುವ ಪ್ರಾಣಿಪಕ್ಷಿಗಳನ್ನೂ ಲೆಕ್ಕಕ್ಕೆ ತಗೊಂಡಿತು. ಯಾರನ್ನು ಕಾಪಾಡಬೇಕು ಅಂತ ಮೊದಲು ತೀರ್ಮಾನ ಆಗಬೇಕು, ಅಂಕಿ ಆಮೇಲೆ ಬರುತ್ತದೆ. ಆ ತೀರ್ಮಾನವನ್ನು ನಾವು ಇನ್ನೊಂದು ದೇಶದಿಂದ ತರಿಸಿಕೊಳ್ಳಲು ಆಗುವುದಿಲ್ಲ.

ತಾಮ್ರ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ದ್ರಾಕ್ಷಿಗೆ ಬೂಜು ರೋಗ ಬರಬಾರದು ಅಂತ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನಮ್ಮ ಮಲೆನಾಡಿನ ಅಡಿಕೆ ತೋಟದಲ್ಲೂ ಅದೇ. ಬೇರೆ ಔಷಧಗಳು ನಿಧಾನಕ್ಕಾದರೂ ಒಡೆದು ಹೋಗುತ್ತವೆ. ತಾಮ್ರ ಲೋಹ, ಒಡೆಯುವುದಿಲ್ಲ, ಪ್ರತಿ ಮಳೆಗಾಲಕ್ಕೂ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಅದಕ್ಕೇ ಯುರೋಪು 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಮೀರಬಾರದು ಅಂತ ಕಟ್ಟಿಹಾಕಿದೆ. ಕೆನಡಾದಲ್ಲಿ ಹೊಲಕ್ಕೆ ತಾಮ್ರದ ಮಿತಿ ಕಿಲೋಗೆ 63 ಮಿಲಿಗ್ರಾಂ. ನ್ಯೂಜಿಲೆಂಡಿನ ಮನುಷ್ಯಾರೋಗ್ಯದ ಪಟ್ಟಿಯಲ್ಲಿ ಅದು 10,000ದ ಮೇಲೆ, ಅಂದರೆ ಮಿತಿಯೇ ಬೇಕಿಲ್ಲ ಅನ್ನುವಷ್ಟು. ಯಾಕೆಂದರೆ ತಾಮ್ರದಿಂದ ಸಾಯುವುದು ಎರೆಹುಳ ಮತ್ತು ಸೂಕ್ಷ್ಮಜೀವಿಗಳು, ಅಂಗಳದಲ್ಲಿ ಆಡುವ ಮಗುವಿಗೆ ಅಷ್ಟು ಭಯವಿಲ್ಲ. ಹಾಗಾಗಿ ಹಳೇ ದ್ರಾಕ್ಷಿ ತೋಟ ಮನೆಯಾದರೆ ತಾಮ್ರದ ಚಿಂತೆ ಕಮ್ಮಿ, ಮತ್ತೆ ಹೊಲವಾಗೇ ಉಳಿದರೆ ಜಾಸ್ತಿ. ಹೊಲಕ್ಕೆ ಸಡಿಲ, ಮನೆಗೆ ಬಿಗಿ ಅಂತ ಒಂದೇ ಏಣಿ ಮಾಡಿಟ್ಟುಕೊಂಡರೆ ಇದು ತಪ್ಪಿಹೋಗುತ್ತದೆ.

ನಮ್ಮ ಸೊಸೈಟಿಯಲ್ಲಿ ತಿಕೋಟಾ ಕಡೆಯ ಒಬ್ಬರಿದ್ದಾರೆ. ತವರಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಇಲ್ಲಿ ಉರುಳಿ ಕಾಂಚನ್ ಹತ್ತಿರ ಮೂರು ಗುಂಟೆ ನೋಡಿ ಬಂದು, ಸಾತ್‌ಬಾರಾ ಉತಾರದ ಪ್ರತಿ ನನ್ನ ಮುಂದೆ ಇಟ್ಟರು. ನಮ್ಮ ಪಹಣಿಯ ಹಾಗೇ ಇದು. ನಮೂನೆ 7ರಲ್ಲಿ ಮಾಲೀಕ ಯಾರು ಅಂತ, ನಮೂನೆ 12ರಲ್ಲಿ ಯಾವ ವರ್ಷ ಏನು ಬೆಳೆ ಅಂತ. ಅವರ ಬೆರಳು ಬೆಳೆಯ ಕಾಲಮ್ಮಿನ ಮೇಲೆ ಓಡಿತು. "ಅಕ್ಕಾರ, ಇಲ್ಲಿ ನೋಡ್ರಿ, ದ್ರಾಕ್ಷಿ ಅಂತ ಬರದಾರ. ಪಡಕ್ಕ ಎಷ್ಟ್ ಎಣ್ಣಿ ಹೊಡಿತಾರ ಅನ್ನೋದು ನನಗ ಗೊತ್ತದ. ಕಿತ್ತು ಎಂಟು ವರ್ಷ ಆತಂತ. ಹಿತ್ತಲದಾಗ ಸೌತಿಬಳ್ಳಿ ಹಚ್ಚಬೇಕಂತೀನಿ. ನಡಿತದೋ ಇಲ್ಲೋ?"

ಪಡ ಅಂದರೆ ದ್ರಾಕ್ಷಿ ತೋಟ, ಎಣ್ಣಿ ಅಂದರೆ ಔಷಧ. ಒಳ್ಳೆಯ ಪ್ರಶ್ನೆ. ಈಚಿನ ವರ್ಷಗಳಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧಗಳಲ್ಲಿ ಬಹುಪಾಲು ಎಂಟು ವರ್ಷ ಮಣ್ಣಿನಲ್ಲಿ ನಿಲ್ಲುವಂಥವಲ್ಲ. ದ್ರಾಕ್ಷಿಗೂ ಮುಂಚೆ ಅಲ್ಲಿ ಏನಿತ್ತು ಅನ್ನುವುದೇ ನಿಜವಾಗಿ ಕೇಳಬೇಕಾದದ್ದು. 1970, 80ರ ದಶಕದಲ್ಲಿ ಕಬ್ಬಿಗೆ, ಹತ್ತಿಗೆ, ತರಕಾರಿಗೆ ಗೆದ್ದಲು, ಗೊಣ್ಣೆಹುಳ ಬಂತು ಅಂತ ಹೊಲದಲ್ಲಿ ಚೆಲ್ಲಿದ್ದು ಗ್ಯಾಮಾಕ್ಸಿನ್ ಪುಡಿ, ಆಲ್ಡ್ರಿನ್, ಡಿಡಿಟಿ. ಕೃಷಿಯಲ್ಲಿ ಡಿಡಿಟಿ ನಿಂತದ್ದು 1989ರಲ್ಲಿ, ಗ್ಯಾಮಾಕ್ಸಿನ್ ಎಂದು ಜನ ಕರೆಯುತ್ತಿದ್ದ ಬಿಎಚ್‌ಸಿ ನಿಂತದ್ದು 1997ರಲ್ಲಿ. ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2011ರ ಮೇ ತಿಂಗಳಲ್ಲಿ. ಆ ತಡೆ ಬರುವ ಹೊತ್ತಿಗೆ ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತ ಎಷ್ಟು ಮನೆಗಳು ನರಳಿದ್ದವು ಅನ್ನುವುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಡಿಡಿಟಿ ಮಣ್ಣಿನಲ್ಲಿ ಅರ್ಧ ಆಗಲು 2ರಿಂದ 15 ವರ್ಷ ಬೇಕು. ನಮ್ಮ ಬಿಸಿಲಿಗೆ ಬೇಗ ಕಮ್ಮಿ ಆಗುತ್ತದೆ ನಿಜ. ಆದರೆ ಡಿಡಿಇ ಆಗಿ ಬದಲಾದ ಮೇಲೆ ಅದು ಇನ್ನಷ್ಟು ಹಟಮಾರಿ.

ಇನ್ನು ಅವರು ಹೇಳಿದ ಸೌತೆಬಳ್ಳಿ. ಎಲ್ಲ ಗಿಡಗಳೂ ಡೀಲ್ಡ್ರಿನ್ ಅನ್ನು ಒಂದೇ ಥರ ಹೀರುವುದಿಲ್ಲ. ಸೌತೆ, ಕುಂಬಳ ಜಾತಿಯ ಬಳ್ಳಿಗಳು ಬೇರಿನಿಂದ ಎಳೆದು ಕಾಯಿಗೆ ತಲುಪಿಸುವುದರಲ್ಲಿ ಮುಂದೆ. ಜಪಾನಿನಲ್ಲಿ ಡೀಲ್ಡ್ರಿನ್ ನಿಲ್ಲಿಸಿ ದಶಕಗಳಾದ ಮೇಲೂ ಸೌತೆಕಾಯಿಯಲ್ಲಿ ಅದು ಸಿಕ್ಕಿತ್ತು. ಗಜ್ಜರಿಯಂಥ ಗಡ್ಡೆಗಳಲ್ಲಿ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಟೊಮೆಟೊ, ಬದನೆಯಲ್ಲಿ ಅಷ್ಟು ಬರುವುದಿಲ್ಲ. ಪರೀಕ್ಷೆ ಆಗುವ ತನಕ ಹೊರಗಿನ ಒಳ್ಳೆಯ ಮಣ್ಣು ತುಂಬಿದ ಎತ್ತರದ ಮಡಿಯಲ್ಲಿ ಹಚ್ಚಿ ಅಂತ ಹೇಳಿದೆ. ಇಷ್ಟು ಮಾಹಿತಿಗೆ ಅವರು ಪಕ್ಕದ ಮನೆಯವಳನ್ನು ಕೇಳಬೇಕಾಗಿ ಬಂತಲ್ಲ, ಅದೇ ನನಗೆ ಬೇಜಾರು.

ಹೊಲದ ಔಷಧದ ಮಾತಷ್ಟೇ ಆಡಿದರೆ ಚಿತ್ರ ಅರ್ಧವಾಗುತ್ತದೆ. ಮನೆ ಕಟ್ಟುವಾಗಲೇ ನಾವು ಮಣ್ಣಿಗೆ ಹೊಸದಾಗಿ ವಿಷ ಹಾಕುತ್ತೇವೆ. ಪಾಯದ ಹೊತ್ತಲ್ಲಿ ಮಾಡಿಸುವ ಆಂಟಿ ಟರ್ಮೈಟ್ ಟ್ರೀಟ್‌ಮೆಂಟ್ ಇದೆಯಲ್ಲ, ಅದಕ್ಕೆ ಭಾರತೀಯ ಮಾನದಂಡವೇ ಇದೆ, ಐಎಸ್ 6313. ಕ್ಲೋರ್‌ಪೈರಿಫಾಸ್ ಆದರೆ ಶೇ 1ರ ದ್ರಾವಣ, ನೆಲದ ಪ್ರತಿ ಚದರ ಮೀಟರಿಗೆ 5 ಲೀಟರ್. ಅಂದರೆ ಚದರ ಮೀಟರಿಗೆ 50 ಗ್ರಾಂ ವಿಷ. ಹೊಲದಲ್ಲಿ ಹೆಕ್ಟೇರಿಗೆ ಅರ್ಧ ಕಿಲೋ ಹೊಡೆದರೆ ಚದರ ಮೀಟರಿಗೆ ಬೀಳುವುದು 0.05 ಗ್ರಾಂ. ಸಾವಿರ ಪಟ್ಟು! ಆ 50 ಗ್ರಾಂ ಮೇಲಿನ 10 ಸೆಂಟಿಮೀಟರ್ ಮಣ್ಣಿನಲ್ಲೇ ನಿಂತರೆ ಕಿಲೋಗೆ 300 ಮಿಲಿಗ್ರಾಂ ದಾಟುತ್ತದೆ. ತೋಟವಿರುವ ಮನೆಗೆ ಆಸ್ಟ್ರೇಲಿಯಾದ ಮಿತಿ 160.

ಇದರಿಂದ ಹೆದರಬೇಕೇ? ಆ ಮಣ್ಣು ಕಾಂಕ್ರೀಟಿನ ಕೆಳಗೆ ಮುಚ್ಚಿಹೋಗಿದ್ದರೆ ಮೈಗೆ ಬರುವ ದಾರಿಯೇ ಹೆಚ್ಚುಕಮ್ಮಿ ಇಲ್ಲ. ಅದೇ ದ್ರಾವಣವನ್ನು ಗೋಡೆಯ ಹೊರಗೆ ಸುತ್ತಲೂ ಸುರಿದು, ಮಾರನೇ ವರ್ಷ ಆ ಪಟ್ಟಿಯಲ್ಲೇ ಕೊತ್ತಂಬರಿ ಬಿತ್ತಿದರೆ ದಾರಿ ತೆರೆದ ಹಾಗಾಯಿತು. ಹೊಲದ ಪ್ರಮಾಣದಲ್ಲಿ ಕೆಲವು ವಾರ, ತಿಂಗಳಲ್ಲಿ ಕರಗುವ ಈ ಔಷಧ ಇಷ್ಟು ಗಟ್ಟಿಯಾಗಿ ಹಾಕಿದಾಗ ವರ್ಷಗಟ್ಟಲೆ ನಿಲ್ಲುತ್ತದೆ. ಗೆದ್ದಲಿಗೆ ಹಾಕುವುದೇ ಅದಕ್ಕೆ. ರೋ ಹೌಸ್, ಬಂಗಲೆ ಕಟ್ಟಿಸುವವರು ಯಾವ ಔಷಧ, ಎಲ್ಲಿ, ಎಷ್ಟು ಅಂತ ಬರೆಸಿಕೊಳ್ಳಲೇಬೇಕು.

ನಮ್ಮಲ್ಲಿ ಕಾನೂನು ಏನೂ ಇಲ್ಲ ಅಂತಲ್ಲ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಜಾಗಗಳ ನಿರ್ವಹಣೆಗೆ ನಿಯಮ ಹೊರಡಿಸಿತು. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನವಿರುವ ಜಾಗಗಳ ಪಟ್ಟಿ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಮೊದಲ ಹಂತದ ತಪಾಸಣೆ ಮಾಡಬೇಕು, ಕಲುಷಿತ ಅಂತಾದರೆ ಜನರಿಗೆ ತಿಳಿಸಬೇಕು, ಶುದ್ಧ ಮಾಡುವ ಖರ್ಚು ಕೆಡಿಸಿದವರಿಂದ ವಸೂಲಿ ಆಗಬೇಕು. ಸ್ವಾಗತಿಸಬೇಕಾದ ಹೆಜ್ಜೆ. ಆಗ ದೇಶದಲ್ಲಿ ಗುರುತಾಗಿದ್ದ ಇಂಥ ಜಾಗಗಳು 103, ಶುದ್ಧೀಕರಣ ಶುರುವಾಗಿದ್ದದ್ದು 7ರಲ್ಲಿ ಮಾತ್ರ. ಆದರೆ ಇದು ಕಾರ್ಖಾನೆ ತ್ಯಾಜ್ಯ ಸುರಿದ ಜಾಗ, ರಾಸಾಯನಿಕ ಸೋರಿದ ಜಾಗಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು. ವಾಘೋಲಿಯ ಹತ್ತು ಎಕರೆ ಹಳೇ ತರಕಾರಿ ಹೊಲ ಯಾರ ಅನುಮಾನದ ಪಟ್ಟಿಗೂ ಬರುವುದಿಲ್ಲ. ಅಲ್ಲಿ ಯಾರೂ ಅಪರಾಧ ಮಾಡಿಲ್ಲ, ಸರ್ಕಾರವೇ ಹಾಕಿ ಅಂದ ಪುಡಿಯನ್ನು ರೈತ ಹಾಕಿದ.

ಮೇಲೆ ನೋಡಿದ ವಿದೇಶದ ಪಟ್ಟಿಗಳಲ್ಲಿ ಇಲ್ಲದ ಒಂದು ಬಳಕೆ ಪುಣೆಯಲ್ಲಿದೆ. ಅದು ಲೇಬರ್ ಕ್ಯಾಂಪು. ಕಾಗದದಲ್ಲಿ ಅದು ಕಟ್ಟಡದ ಸೈಟು, ಅಂದರೆ ದೊಡ್ಡವರು ಎಂಟು ತಾಸು ಕೆಲಸ ಮಾಡಿ ಹೋಗುವ ಜಾಗ. ವಾಸ್ತವದಲ್ಲಿ ಅಗೆದ ಮಣ್ಣಿನ ಪಕ್ಕದಲ್ಲೇ ಪತ್ರಾ ಶೆಡ್ಡು. ಯಾದಗಿರಿಯಿಂದ ಬಂದ ತಾಯಿ ಇಟ್ಟಿಗೆ ಹೊರುವಾಗ ಮಗು ಆ ಮಣ್ಣಿನ ಗುಡ್ಡೆಯ ಮೇಲೇ ಆಡುತ್ತದೆ, ಅಲ್ಲೇ ಉಣ್ಣುತ್ತದೆ, ಅಲ್ಲೇ ಮಲಗುತ್ತದೆ. ಹೊಲದ ಮೇಲ್ಪದರ ಅಗೆದು ಹೊರಗೆ ಬಿದ್ದಿರುವುದೂ ಅದೇ ತಿಂಗಳುಗಳಲ್ಲಿ. ಆಮೇಲೆ ಬರುವ ಫ್ಲಾಟಿನ ಮಗುವಿಗೆ ಪೇವರ್ ಹಾಸು ಇರುತ್ತದೆ. 200 ಮಿಲಿಗ್ರಾಂ ಮಣ್ಣಿನ ಲೆಕ್ಕ ನಿಜವಾಗಿ ಅನ್ವಯ ಆಗುವುದು ಈ ಮೊದಲ ಮಗುವಿಗೆ. ಬರಿಗಾಲು, ಬರಿಮೈ, ಧೂಳು ನೋಡಿದರೆ 200 ಕೂಡ ಕಮ್ಮಿಯೇ ಅನಿಸುತ್ತದೆ. ಭಾರತಕ್ಕೆ ಮಿತಿ ಬರೆಯುವವರು ಸೈಟಿನಲ್ಲಿ ಸಂಸಾರಗಳಿದ್ದರೆ ಅದನ್ನು ವಸತಿ ಅಂತಲೇ ಪರಿಗಣಿಸಬೇಕು. ಈ ಒಂದು ಸಾಲಿಗಾಗಿ ನಾನು ಎಷ್ಟು ಬೇಕಾದರೂ ವಾದ ಮಾಡುತ್ತೇನೆ.

ಅಗೆದ ಮಣ್ಣು ಅಲ್ಲೇ ಇರುವುದೂ ಇಲ್ಲ. ಒಳ್ಳೆಯ ಕರಿಮಣ್ಣು ಲಾರಿ ಹತ್ತಿ ನರ್ಸರಿಗೆ, ಸೊಸೈಟಿಯ ತೋಟಕ್ಕೆ ಹೋಗುತ್ತದೆ. ಹಾಗಾಗಿ ಪರೀಕ್ಷೆ ಅಗೆಯುವ ಮುಂಚೆ ಆಗಬೇಕು, ಮನೆ ಕಟ್ಟಿದ ಮೇಲಲ್ಲ.

ಯಾವ ಹಂತದಲ್ಲಿ ಮಾಡಿಸಬಹುದು? ಈಚಿನ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲಿ ಎನ್‌ಎ ಪರವಾನಗಿಯ ನಿಯಮ ಸಡಿಲವಾಗುತ್ತಾ ಬಂದಿದೆ, ಅಭಿವೃದ್ಧಿ ಯೋಜನೆಯಲ್ಲಿ ವಸತಿ ಅಂತ ಗುರುತಾದ ಕಡೆ ಬೇರೆ ಅಪ್ಪಣೆ ಬೇಕಾಗುವುದಿಲ್ಲ. ಹಾಗಾಗಿ ಪಾಲಿಕೆ ಅಥವಾ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ (ಪಿಎಂಆರ್‌ಡಿಎ) ಕಟ್ಟಡಕ್ಕೆ ಅನುಮತಿ ಕೊಡುವ ಹಂತವೇ ಸರಿ. ಎಲ್ಲ ಜಾಗಕ್ಕೂ ಲ್ಯಾಬ್ ಪರೀಕ್ಷೆ ಬೇಕಿಲ್ಲ. ಮೊದಲು ನಮೂನೆ 12 ನೋಡಲಿ. 2021ರಿಂದ ಬೆಳೆ ನೋಂದಣಿ ಇ-ಪೀಕ್ ಪಾಹಣಿ ಆ್ಯಪ್‌ನಲ್ಲಿ ನಡೆಯುತ್ತಿದೆ. ಅದಕ್ಕೂ ಹಿಂದಿನದು ಕಾಗದದ ದಾಖಲೆಗಳಲ್ಲಿ ಇದೆ. ಬರೀ ಜೋಳ, ಹುಲ್ಲು ಬೆಳೆದ ಒಣ ಬೇಸಾಯದ ನೆಲವನ್ನು ಬಿಟ್ಟುಬಿಡಲಿ. 1997ಕ್ಕಿಂತ ಮುಂಚೆ ಕಬ್ಬು, ಹತ್ತಿ, ತರಕಾರಿ, ಹಣ್ಣು ಕಂಡರೆ ಮಾದರಿ ತೆಗೆಯಲಿ. ಯಂತ್ರ, ತಜ್ಞರು ಈ ಊರಲ್ಲೇ ಇದ್ದಾರೆ. ಹಣ್ಣಿನಲ್ಲಿ 0.01 ಮಿಲಿಗ್ರಾಂ ಹುಡುಕುವವರಿಗೆ ಮಣ್ಣಿನಲ್ಲಿ 1 ಮಿಲಿಗ್ರಾಂ ಹುಡುಕುವುದು ಆಗದ ಕೆಲಸವಲ್ಲ.

ರೈತರಿಗೆ ಭಯ ಇದ್ದೇ ಇರುತ್ತದೆ. ವಿಷದ ಜಮೀನು ಅಂತ ಹೆಸರು ಬಿದ್ದರೆ ರೇಟು ಬಿದ್ದುಹೋಗುತ್ತದೆ, ಶುದ್ಧ ಮಾಡುವ ಖರ್ಚೂ ತಲೆಗೆ ಬರುತ್ತದೆ ಅಂತ. ಆ ಭಯ ನ್ಯಾಯವಾದದ್ದು. ಕೆಡಿಸಿದವನೇ ಕೊಡಲಿ ಅನ್ನುವ ತತ್ವವನ್ನು ಇಲ್ಲಿ ರೈತನ ಮೇಲೆ ಹೇರಿದರೆ ದೊಡ್ಡ ಅನ್ಯಾಯ. ಬಳಕೆ ಬದಲಾವಣೆಯಿಂದ ಲಾಭ ಮಾಡುವವರು ಡೆವಲಪರ್, ಖರ್ಚು ಅವರದೇ ಆಗಬೇಕು. ಮಿತಿ ದಾಟಿದ ಕೂಡಲೇ ಜಾಗ ಹಾಳಾಯಿತು ಅಂತಲೂ ಅಲ್ಲ. ಮಿತಿ ದಾಟಿದರೆ ಇನ್ನೊಮ್ಮೆ ಸರಿಯಾಗಿ ನೋಡಿ ಅಂತ ಅರ್ಥ. ಆ ಮೂಲೆಯಲ್ಲಿ ಪಾರ್ಕಿಂಗ್ ಬರಲಿ, ಆಟದ ಜಾಗ ಬೇರೆ ಕಡೆ ಹೋಗಲಿ. ತೋಟ ಮಾಡುವಲ್ಲಿ ಒಂದೂವರೆ ಅಡಿ ಹೊಸ ಮಣ್ಣು ತುಂಬಲಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಈಗಲೇ ಪ್ಲಾಟು ನೋಡುತ್ತಿರುವವರು ಹಳೇ ಸಾತ್‌ಬಾರಾ ಕೇಳಿ, ಮಾಲೀಕರನ್ನು ಬಿಟ್ಟು ಪಕ್ಕದ ಹೊಲದ ಹಿರಿಯರನ್ನೂ ಮಾತಾಡಿಸಿ. ಔಷಧ ಎಲ್ಲಿ ಕಲಸುತ್ತಿದ್ದರು, ಪಂಪು ಎಲ್ಲಿ ತೊಳೆಯುತ್ತಿದ್ದರು, ಡಬ್ಬಿ ಎಲ್ಲಿ ಹೂಳುತ್ತಿದ್ದರು ಎಂದು ಕೇಳಿ. ಸಾಮಾನ್ಯವಾಗಿ ಬಾವಿ ಕಟ್ಟೆ, ಪಂಪ್‌ಹೌಸ್, ಬದುವಿನ ಮರದ ಬುಡ ತೋರಿಸುತ್ತಾರೆ. ಹೊಲದ ನಡುವೆ ಏನೂ ಸಿಗದಿದ್ದರೂ ಅಲ್ಲಿ ಸಿಗಬಹುದು. ಮಾದರಿ ತೆಗೆಸುವಾಗ ಪ್ಲಾಟಿನ ಹಲವು ಕಡೆಯಿಂದ ಮೇಲಿನ 15 ಸೆಂಟಿಮೀಟರ್ ಮಣ್ಣು ತೆಗೆದು ಒಂದು ಚೀಲಕ್ಕೆ ಬೆರೆಸಿ, ಪಂಪ್‌ಹೌಸ್ ಪಕ್ಕದ್ದನ್ನು ಬೆರೆಸದೆ ಬೇರೆ ಚೀಲಕ್ಕೆ ಹಾಕಿ. ಲ್ಯಾಬಿನಲ್ಲಿ ಬರೀ ಈಗಿನ ಔಷಧಗಳ ಪಟ್ಟಿ ಸಾಲದು, ಡಿಡಿಟಿ ಮತ್ತು ಡಿಡಿಇ, ಬಿಎಚ್‌ಸಿ, ಡೀಲ್ಡ್ರಿನ್, ಎಂಡೋಸಲ್ಫಾನ್ ಮತ್ತು ಅದರ ಸಲ್ಫೇಟ್ ಇಷ್ಟನ್ನೂ ಸೇರಿಸಿ ನೋಡಲು ಹೇಳಿ.